ಬಿದ್ದವನ ಸುತ್ತಣ ಗಾಳಿ: ಜಾನ್ ಸ್ಕಾಟ್ ಹಾಲ್ಡೇನ್

ಎಚ್ಚರ ತಪ್ಪಿದ ಮನುಷ್ಯನೊಬ್ಬನನ್ನು ನಾಲ್ವರು ಹೊತ್ತು ತಂದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ಮಲಗಿಸಿದರೆಂದು ಭಾವಿಸೋಣ. ವೈದ್ಯನ ಮುಂದಿರುವುದು ಒಂದು ದೇಹ, ಕಾರಣಗಳೋ ಹತ್ತಾರು. ಗದ್ದೆಯ ಬದುವಿನಲ್ಲಿ ಕಟ್ಟುಹಾವು ಕಚ್ಚಿರಬಹುದು. ಬೆಳೆಗೆ ಸಿಂಪಡಿಸುವ ಕೀಟನಾಶಕ ಹೊಟ್ಟೆಗೆ ಸೇರಿರಬಹುದು. ಸಿಹಿಮೂತ್ರ ರೋಗಿಯಾಗಿದ್ದರೆ ರಕ್ತದ ಸಕ್ಕರೆ ಇಳಿದಿರಬಹುದು. ಮಿದುಳಿನ ರಕ್ತನಾಳ ಒಡೆದಿರಬಹುದು, ಇಲ್ಲವೆ ಕಟ್ಟಿಕೊಂಡಿರಬಹುದು; ಅಪಸ್ಮಾರದ ಸೆಳವು ಬಂದು ಹೋಗಿರಬಹುದು. ಹುಡುಕುವ ಕಣ್ಣಿದ್ದರೆ ಇವುಗಳ ಗುರುತು ದೇಹದಲ್ಲಿಯೇ ಬಹುಮಟ್ಟಿಗೆ ದೊರೆಯುತ್ತದೆ. ಆದರೆ ಮೈಮೇಲೆ ಗಾಯವಿಲ್ಲ, ಬಾಯಲ್ಲಿ ವಿಷದ ವಾಸನೆಯಿಲ್ಲ, ಸಕ್ಕರೆ ಸರಿಯಾಗಿದೆ, ಬೆರಳಿಗೆ ಸಿಕ್ಕಿಸಿದ ಯಂತ್ರ ರಕ್ತದಲ್ಲಿ ಆಮ್ಲಜನಕ ತುಂಬಿ ತುಳುಕುತ್ತಿದೆಯೆಂದು ತೋರಿಸುತ್ತಿದೆ; ಆದರೂ ಮನುಷ್ಯ ಏಳುತ್ತಿಲ್ಲ. ಆಗ ವೈದ್ಯ ರೋಗಿಯನ್ನು ಬಿಟ್ಟು, ಹೊತ್ತು ತಂದವರ ಕಡೆಗೆ ತಿರುಗಿ ಕೇಳಬೇಕಾದ ಒಂದು ಪ್ರಶ್ನೆಯಿದೆ. ಈತ ಬಿದ್ದಿದ್ದು ಎಲ್ಲಿ?

ಸಾಮಾನ್ಯವಾಗಿ ಕಾಣುವ ಈ ಪ್ರಶ್ನೆಯನ್ನು ವೈದ್ಯಶಾಸ್ತ್ರಕ್ಕೆ ಕಲಿಸಿದವರಲ್ಲಿ ಅಗ್ರಗಣ್ಯರು ಜಾನ್ ಸ್ಕಾಟ್ ಹಾಲ್ಡೇನ್. ನಮ್ಮ ನಾಡಿನ ಓದುಗರಿಗೆ ಮಗ ಜೆ. ಬಿ. ಎಸ್. ಹಾಲ್ಡೇನರ ಹೆಸರು ಹೆಚ್ಚು ಪರಿಚಿತ. ಮುಪ್ಪಿನಲ್ಲಿ ಭಾರತಕ್ಕೆ ಬಂದು ನೆಲೆಸಿ ನಮ್ಮ ಪ್ರಜೆಯೇ ಆದ ವಿಜ್ಞಾನಿ ಅವರು. ತಂದೆಯ ಕೀರ್ತಿ ಮಗನ ಕೀರ್ತಿಯ ಹಿಂದೆ ಮರೆಯಾದದ್ದು ಲೋಕದ ರೀತಿಯೇ ಇರಬಹುದು. ನ್ಯಾಯವೆಂದು ಮಾತ್ರ ನನಗೆ ತೋರುವುದಿಲ್ಲ.

ಹಾಲ್ಡೇನರು ಹುಟ್ಟಿದ್ದು ೧೮೬೦ರ ಮೇ ತಿಂಗಳಲ್ಲಿ, ಎಡಿನ್‌ಬರೋ ನಗರದಲ್ಲಿ. ಹಳೆಯ ಸ್ಕಾಟಿಷ್ ಮನೆತನ. ಅಣ್ಣ ರಿಚರ್ಡ್ ಮುಂದೆ ಬ್ರಿಟನ್ನಿನ ಯುದ್ಧಮಂತ್ರಿಯೂ ಲಾರ್ಡ್ ಛಾನ್ಸಲರೂ ಆದರು. ತಮ್ಮನಿಗೆ ರಾಜಕೀಯದ ಗೀಳು ಹತ್ತಲಿಲ್ಲ. ತತ್ತ್ವಶಾಸ್ತ್ರವನ್ನು ಮನಸಾರೆ ಓದಿಕೊಂಡಿದ್ದ ಅವರು ೧೮೮೪ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಪದವಿ ಪಡೆದರು. ಆದರೆ ಔಷಧಾಲಯ ತೆರೆದು ಕೂರಲಿಲ್ಲ. ಡಂಡಿ ನಗರದಲ್ಲಿ ರಸಾಯನಶಾಸ್ತ್ರಜ್ಞ ಕಾರ್ನೆಲಿಯವರೊಡನೆ ಸೇರಿ ಬಡವರ ಒಂಟಿಕೋಣೆಯ ಮನೆಗಳ ಬಾಗಿಲನ್ನು ನಡುರಾತ್ರಿ ತಟ್ಟಿದರು. ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗಿದ್ದ ಸಂಸಾರಗಳು ಉಸಿರಾಡುತ್ತಿದ್ದ ಗಾಳಿಯನ್ನು ಸೀಸೆಗಳಲ್ಲಿ ಹಿಡಿದು ತಂದು ಅಳೆದರು. ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದರು; ಆ ಊರೇ ಅವರ ನೆಲೆಯಾಯಿತು.

ಗಾಳಿಯ ಬೆನ್ನು ಹತ್ತಿದವರಿಗೆ ಸಾವಿನ ಮನೆಗಳಿಂದಲೇ ಕರೆ ಬರತೊಡಗಿತು. ೧೮೯೫ರಲ್ಲಿ ಲಂಡನ್ನಿನ ಬಳಿಯ ಈಸ್ಟ್ ಹ್ಯಾಮ್‌ನಲ್ಲಿ ಚರಂಡಿಯ ಗುಂಡಿಗೆ ಇಳಿದ ಒಬ್ಬ ಕೆಲಸಗಾರ ಮೇಲೆ ಬರಲಿಲ್ಲ. ಅವನನ್ನು ಎತ್ತಲು ಒಬ್ಬರ ಹಿಂದೊಬ್ಬರು ಇಳಿದರು. ಸತ್ತವರು ಐವರು. ಹಾಲ್ಡೇನರು ಅಲ್ಲಿನ ಗಾಳಿಯನ್ನು ಪರೀಕ್ಷಿಸಿ, ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲವೇ ಕೊಂದದ್ದೆಂದು ತೋರಿಸಿದರು. ನಮ್ಮ ನಗರಗಳ ಒಳಚರಂಡಿಗಳಲ್ಲಿ ಇಂಥ ಸಾವು ಇಂದಿಗೂ ನಿಂತಿಲ್ಲವೆಂಬುದನ್ನು ನೆನೆದಾಗ ಆ ವರದಿಯ ವಯಸ್ಸನ್ನು ಎಣಿಸಲು ನಾಚಿಕೆಯಾಗುತ್ತದೆ.

ಮರುವರ್ಷ, ೧೮೯೬ರ ಜನವರಿ ೨೭ರಂದು, ವೇಲ್ಸಿನ ಟೈಲರ್ಸ್‌ಟೌನ್ ಕಲ್ಲಿದ್ದಲ ಗಣಿಯಲ್ಲಿ ಆಸ್ಫೋಟವಾಗಿ ೫೭ ಮಂದಿ ಸತ್ತರು. ಸಿಡಿತದ ಹೊಡೆತಕ್ಕೂ ಬೆಂಕಿಗೂ ಸಿಕ್ಕಿ ಸತ್ತರೆಂದೇ ಅಲ್ಲಿಯವರೆಗೆ ಇಂಥ ದುರಂತಗಳಲ್ಲಿ ಎಲ್ಲರೂ ತಿಳಿಯುತ್ತಿದ್ದರು. ಹಾಲ್ಡೇನರು ಗಣಿಗೇ ಹೋದರು. ಶವಗಳನ್ನು ಕಂಡರು, ಅವು ದೊರೆತ ಸ್ಥಳಗಳನ್ನು ಗುರುತಿಸಿದರು, ರಕ್ತವನ್ನು ಪರೀಕ್ಷಿಸಿದರು. ಬಹುಪಾಲು ದೇಹಗಳಲ್ಲಿ ಪ್ರಾಣ ಹೋಗುವಂಥ ಪೆಟ್ಟೇ ಇರಲಿಲ್ಲ. ಸತ್ತವರ ಮೈ ಬಿಳಿಚಿಕೊಳ್ಳುವ ಬದಲು ಕೆಂಪಾಗಿತ್ತು, ರಕ್ತ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಆಸ್ಫೋಟದಿಂದ ಪಾರಾದವರನ್ನು, ಅದರ ತರುವಾಯ ಸುರಂಗಗಳಲ್ಲಿ ಹರಡಿದ ಕಾರ್ಬನ್ ಮಾನಾಕ್ಸೈಡ್ ಸದ್ದಿಲ್ಲದೆ ಕೊಂದಿತ್ತು. ಈ ಮಾತು ಬರಿಯ ಪಾಂಡಿತ್ಯದ ಮಾತಲ್ಲ. ಸಿಡಿತದಿಂದ ಸತ್ತವನನ್ನು ಯಾರೂ ಉಳಿಸಲಾರರು. ಅನಿಲದಿಂದ ಸಾಯುತ್ತಿರುವವನನ್ನು ಹೊತ್ತಿಗೆ ಸರಿಯಾಗಿ ತಲುಪಿದರೆ ಉಳಿಸಬಹುದು.

ಈಗ ಭದ್ರಾವತಿಗೆ ಬರೋಣ. ಬೆಂಕಿಪುರವೆಂದು ಹಿಂದೆ ಕರೆಸಿಕೊಳ್ಳುತ್ತಿದ್ದ ಆ ಊರಿನಲ್ಲಿ, ವಿಶ್ವೇಶ್ವರಯ್ಯನವರ ಹಟದ ಫಲವಾಗಿ, ೧೯೨೩ರ ಜನವರಿಯಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು. ಇದ್ದಿಲು ಉರಿದು ಹುಟ್ಟುವ ಕಾರ್ಬನ್ ಮಾನಾಕ್ಸೈಡೇ ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಟೈಲರ್ಸ್‌ಟೌನಿನಲ್ಲಿ ಕೊಂದ ಅನಿಲವೇ ಕುಲುಮೆಯಲ್ಲಿ ದುಡಿಯುವ ಆಳು! ಕೆಲಸ ಮುಗಿಸಿ ಕುಲುಮೆಯ ನೆತ್ತಿಯಿಂದ ಹೊರಬರುವ ಗಾಳಿಯಲ್ಲಿಯೂ ಅದು ಸುಮಾರು ಕಾಲುಪಾಲು ಉಳಿದಿರುತ್ತದೆ. ಊದುಕುಲುಮೆಗಳಿರುವಲ್ಲೆಲ್ಲ ಆ ಗಾಳಿಯನ್ನು ವ್ಯರ್ಥಗೊಳಿಸದೆ ಕೊಳವೆಗಳಲ್ಲಿ ಹರಿಸಿ ಮತ್ತೆ ಉರಿಸುವುದು ರೂಢಿ. ಕೊಳವೆಯ ಬೆಸುಗೆ ಎಲ್ಲಾದರೂ ಸಡಿಲಿತೋ, ಕೆಳಗೆ ನಿಂತವನಿಗೆ ಸುಳಿವೇ ಸಿಗದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವುದಿಲ್ಲ.

ಸುಳಿವು ಏಕೆ ಸಿಗದೆಂಬುದನ್ನು ಹಾಲ್ಡೇನರು ತಮ್ಮ ಮೈಯನ್ನೇ ಒಡ್ಡಿ ಕಂಡುಕೊಂಡರು. ಕಷ್ಟ ಸಹಿಸು ಎಂಬರ್ಥದ ಒಂದೇ ಪದ ಅವರ ಮನೆತನದ ಲಾಂಛನವಾಕ್ಯವಾಗಿತ್ತಂತೆ. ಅದನ್ನು ಅಷ್ಟು ಅಕ್ಷರಶಃ ಪಾಲಿಸಿದ ವಂಶಜರು ಬೇರೆ ಇರಲಾರರು. ಪ್ರಯೋಗಶಾಲೆಯಲ್ಲಿ ಕುಳಿತು ಅಳತೆಮಾಡಿದ ಕಾರ್ಬನ್ ಮಾನಾಕ್ಸೈಡನ್ನು ತಾವೇ ಸೇದಿ, ನಡುನಡುವೆ ಬೆರಳಿನಿಂದ ರಕ್ತ ತೆಗೆದು ನೋಡಿದರು. ರಕ್ತದ ಕೆಂಪು ಪದಾರ್ಥ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ತೀರ ಅಲ್ಪವಿದ್ದರೂ ಹೊತ್ತು ಕಳೆದಂತೆ ರಕ್ತವನ್ನೆಲ್ಲ ಅದು ಆಕ್ರಮಿಸುತ್ತದೆ. ಸುಮ್ಮನೆ ಕುಳಿತಿದ್ದಷ್ಟು ಕಾಲ ಹೆಚ್ಚೇನೂ ತೋರಲಿಲ್ಲ. ರಕ್ತದ ಅರ್ಧ ಭಾಗ ಅದರ ವಶವಾಗುವ ಹೊತ್ತಿಗೆ ಎದ್ದು ನಡೆಯಹೋದರೆ ಕಾಲು ನಿಲ್ಲಲಿಲ್ಲ, ಕಣ್ಣು ಮಂಜಾಯಿತು. ಎಲ್ಲಕ್ಕಿಂತ ಭಯಂಕರವಾದದ್ದು ಇದು: ತನಗೆ ಅಪಾಯವಾಗಿದೆಯೆಂದು ಅರಿಯಬೇಕಾದ ವಿವೇಕವೇ ಮೊದಲು ಮಸುಳುತ್ತದೆ. ಅಪಾಯವನ್ನರಿಯದೆ ಕುಳಿತವನು ಓಡಬೇಕೆಂದು ಏಳುವ ಹೊತ್ತಿಗೆ ಓಡುವ ಕಾಲಿಲ್ಲ.

ಉಸಿರು ಕಟ್ಟಿದ ಅನುಭವವಾದರೂ ಆಗಬೇಡವೇ? ಅದಕ್ಕೆ ಉತ್ತರ ದೊರೆತದ್ದು ೧೯೦೫ರಲ್ಲಿ, ಪ್ರೀಸ್ಟ್‌ಲಿ ಎಂಬ ಸಹೋದ್ಯೋಗಿಯೊಡನೆ ನಡೆಸಿದ ಪ್ರಯೋಗಗಳಲ್ಲಿ. ನಮ್ಮನ್ನು ಏದುಸಿರು ಬಿಡಿಸುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ಮೈಯಲ್ಲಿ ಕೂಡಿಕೊಳ್ಳುವ ಇಂಗಾಲಾಮ್ಲ. ಮೂಗು ಬಾಯಿ ಮುಚ್ಚಿಕೊಂಡಾಗ ಆಗುವ ಸಂಕಟ ಅದರ ಕರೆ. ಇಂಗಾಲಾಮ್ಲ ಎಂದಿನಂತೆ ಹೊರಹೋಗುತ್ತಿದ್ದು ಆಮ್ಲಜನಕ ಮಾತ್ರ ಕಡಮೆಯಾದರೆ ಆ ಕರೆ ಬಾರದು. ಮನುಷ್ಯ ಕಷ್ಟವರಿಯದೆ ಕುಸಿಯುತ್ತಾನೆ. ಉಸಿರಾಟದ ಶಾಸ್ತ್ರವೆಲ್ಲ ಅಂದಿನಿಂದ ಈ ತಳಹದಿಯ ಮೇಲೆ ನಿಂತಿದೆ.

ಬಯಲುಸೀಮೆಯವರಿಗೆ ಹಗೇವಿನ ಸಂಗತಿ ಗೊತ್ತು. ನೆಲದಡಿಯ ಹಗೇವಿನಲ್ಲಿ ತುಂಬಿಟ್ಟ ಜೋಳವೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನ ಆಮ್ಲಜನಕವನ್ನು ತಿಂದು ಇಂಗಾಲಾಮ್ಲವನ್ನು ತುಂಬಿಡುತ್ತದೆ. ಬಾಯಿ ತೆರೆದು ಗಾಳಿಯಾಡಲು ಬಿಡದೆ ಆತುರದಿಂದ ಇಳಿದವನು ಅಲ್ಲೇ ಒರಗುತ್ತಾನೆ. ಅವನನ್ನು ಎತ್ತಲು ಇಳಿದ ಅಣ್ಣನೂ ಒರಗುತ್ತಾನೆ. ಬಹುಕಾಲ ಬಳಸದ ಹಾಳುಬಾವಿಯದೂ ಇದೇ ಕಥೆ. ಗಣಿಗಳಲ್ಲಿ ಇಂಥ ಗಾಳಿಗೆ ಕರಿಗಾಳಿಯೆಂಬರ್ಥದ ಹೆಸರಿತ್ತು. ಹಾಲ್ಡೇನರು ಅದನ್ನು ವಿಶ್ಲೇಷಿಸಿ ಸಾರಜನಕ ಮತ್ತು ಇಂಗಾಲಾಮ್ಲಗಳ ಮಿಶ್ರಣವೆಂದು ನಿರ್ಧರಿಸಿದರು. ಮೊದಲು ದೀಪವನ್ನು ಇಳಿಬಿಟ್ಟು ನೋಡುವ ನಮ್ಮ ಹಿರಿಯರ ವಾಡಿಕೆಗೆ ಈ ಗಾಳಿಯ ವಿಷಯದಲ್ಲಿ ಆಧಾರವಿದೆ: ಮನುಷ್ಯನಿಗೆ ಆಮ್ಲಜನಕ ತೀರ ಸಾಲದಾಗುವ ಮೊದಲೇ ದೀಪ ಆರುತ್ತದೆ. ಆದರೆ ಕಾರ್ಬನ್ ಮಾನಾಕ್ಸೈಡ್ ಇರುವಲ್ಲಿ ಅದೇ ದೀಪ ಉರಿಯುತ್ತಲೇ ಇರುತ್ತದೆ, ಹಿಡಿದವನು ಬೀಳುತ್ತಾನೆ. ಈ ಭೇದವನ್ನು ಗಣಿಗಾರರಿಗೆ ಮನಗಾಣಿಸಿದ ಹಾಲ್ಡೇನರು ದೀಪದ ಬದಲು ಇಲಿಯನ್ನೋ ಚಿಕ್ಕ ಹಕ್ಕಿಯನ್ನೋ ಒಯ್ಯಿರೆಂದು ಸೂಚಿಸಿದರು. ಪುಟ್ಟ ಜೀವದ ಉಸಿರಾಟ ಬಲು ವೇಗ. ಮನುಷ್ಯನಿಗಿಂತ ಬಹಳ ಮುಂಚೆ ಅದು ತೂರಾಡುತ್ತದೆ. ಬ್ರಿಟನ್ನಿನ ಗಣಿಗಳಿಂದ ಕ್ಯಾನರಿ ಹಕ್ಕಿಗೆ ಬಿಡುಗಡೆ ದೊರೆತದ್ದು ೧೯೮೬ರಲ್ಲಿ.

ಕುಲುಮೆ ಗಣಿಗಳ ಮಾತು ನಮಗೇಕೆಂದು ಮಲೆನಾಡಿನ ಗೃಹಿಣಿ ಕೇಳಬಹುದು. ಜಡಿಮಳೆಯ ಆಷಾಢದಲ್ಲಿ ಬಾಣಂತಿಯ ಕೋಣೆಗೆ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು, ಶೀತಗಾಳಿ ಬಾರದಿರಲೆಂದು ಬಾಗಿಲು ಕಿಟಕಿಗಳ ಸಂದುಗಳಿಗೂ ಬಟ್ಟೆ ತುರುಕುವ ಪದ್ಧತಿ ಇನ್ನೂ ಕೆಲವೆಡೆ ಉಂಟು. ಹೊಗೆಯಿಲ್ಲದ ಕೆಂಡ ನಿರಪಾಯವೆಂಬುದು ಭ್ರಾಂತಿ. ಭದ್ರಾವತಿಯ ಕುಲುಮೆಯಲ್ಲಿ ಹುಟ್ಟುತ್ತಿದ್ದ ಅನಿಲವೇ ಈ ಬುಟ್ಟಿಗಾತ್ರದ ಕುಲುಮೆಯಲ್ಲಿಯೂ ಹುಟ್ಟುತ್ತದೆ. ಬೆಳಗ್ಗೆ ತಲೆನೋವು, ವಾಂತಿ, ತಲೆಸುತ್ತು ಎಂದು ತಾಯಿ ಹೇಳಿದರೆ ಪಿತ್ತವೆಂದೋ ನಂಜೆಂದೋ ತಿಳಿಯುವುದುಂಟು. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ಹೀಗಾದರೆ, ಹೊರಗೆ ಬಂದೊಡನೆ ಹಗುರವಾದರೆ, ದೋಷ ಊಟದಲ್ಲಿಲ್ಲ, ಗಾಳಿಯಲ್ಲಿದೆ. ಪಟ್ಟಣದ ಮನೆಗಳಲ್ಲಿ ಅಗ್ಗಿಷ್ಟಿಕೆಯ ಸ್ಥಾನವನ್ನು ಕಿಂಡಿಯಿಲ್ಲದ ಬಚ್ಚಲುಮನೆಯ ಗ್ಯಾಸ್ ಗೀಸರು ವಹಿಸಿಕೊಂಡಿದೆ, ಅಷ್ಟೇ ವ್ಯತ್ಯಾಸ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಯಂತ್ರವೂ ಇಲ್ಲಿ ಮೋಸಹೋಗುತ್ತದೆ: ಅನಿಲ ಹಿಡಿದ ಕೆಂಪು ರಕ್ತವನ್ನು ಆಮ್ಲಜನಕ ತುಂಬಿದ ರಕ್ತವೆಂದೇ ಅದು ಓದುತ್ತದೆ. ಆದ್ದರಿಂದಲೇ ಮೊದಲು ಹೇಳಿದ ಪ್ರಶ್ನೆಗೆ ಅಷ್ಟು ಬೆಲೆ. ಎಲ್ಲಿ ಬಿದ್ದಿದ್ದನೆಂದು ತಿಳಿದರೆ ರಕ್ತಪರೀಕ್ಷೆಯ ಉತ್ತರಕ್ಕೆ ಕಾಯದೆ ಶುದ್ಧ ಆಮ್ಲಜನಕ ಕೊಡಬಹುದು. ಬರಿಯ ಗಾಳಿಯಲ್ಲಿ ಈ ಅನಿಲ ರಕ್ತದಿಂದ ಅರ್ಧ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕದಲ್ಲಿ ಒಂದು ಒಂದೂವರೆ ಗಂಟೆ ಸಾಕು.

ಆಮ್ಲಜನಕವನ್ನು ಹಾಗೆ ಕೊಡುವ ವಿಧಾನವೂ ಅವರಿಗೆ ಋಣಿ. ೧೯೧೫ರ ಏಪ್ರಿಲಿನಲ್ಲಿ ಈಪ್ರ್ ರಣರಂಗದಲ್ಲಿ ಜರ್ಮನರು ವಿಷಗಾಳಿಯನ್ನು ಬಿಟ್ಟಾಗ ಹಾಲ್ಡೇನರನ್ನು ಫ್ರಾನ್ಸಿಗೆ ಕಳಿಸಲಾಯಿತು. ಅದು ಕ್ಲೋರಿನ್ ಎಂದು ಖಚಿತಪಡಿಸಿದರು. ಶ್ವಾಸಕೋಶ ಬೆಂದ ಸೈನಿಕರಿಗೆ ಅಂದು ಆಮ್ಲಜನಕವನ್ನು ಆಲಿಕೆಯಿಂದ ಮೂಗಿನ ಬಳಿ ಬೀಸುತ್ತಿದ್ದರು. ಬಹುಪಾಲು ಗಾಳಿಗೇ ಹೋಗುತ್ತಿತ್ತು. ಮುಖವಾಡದ ಮೂಲಕ ಅಳತೆಯರಿತು ಎಡೆಬಿಡದೆ ಕೊಡುವ ಉಪಕರಣವನ್ನು ಅವರು ರೂಪಿಸಿ, ೧೯೧೭ರಲ್ಲಿ ಆ ಚಿಕಿತ್ಸೆಯನ್ನು ಕುರಿತು ಬರೆದರು.

ಮುಳುಗುಗಾರರು ಆಳದಿಂದ ಹಂತಹಂತವಾಗಿ ಮೇಲೇರಬೇಕೆಂಬ ನಿಯಮ ೧೯೦೮ರದು. ಅದನ್ನು ಪರೀಕ್ಷಿಸಲು ಆಡುಗಳನ್ನು ಬಳಸಿದರು. ಕಾರ್ನ್‌ವಾಲ್ ಗಣಿಗಾರರ ರಕ್ತಹೀನತೆಗೆ ಕೊಕ್ಕೆಹುಳು ಕಾರಣವೆಂಬುದೂ ಅವರ ಮತ್ತು ಬಾಯ್ಕಾಟ್ ಎಂಬ ವೈದ್ಯರ ಶೋಧ. ಎಲ್ಲವನ್ನೂ ಹೇಳಹೊರಟರೆ ಈ ಪುಟ ಸಾಲದು. ಮಕ್ಕಳನ್ನೂ ಅವರು ಬಿಡಲಿಲ್ಲ! ಬಾಲಕ ಜೆ. ಬಿ. ಎಸ್.ನನ್ನು ಗಣಿಯೊಂದಕ್ಕೆ ಕರೆದೊಯ್ದು, ಎದ್ದು ನಿಂತು ಷೇಕ್ಸ್‌ಪಿಯರನ ನಾಟಕದ ಭಾಷಣವೊಂದನ್ನು ಒಪ್ಪಿಸೆಂದರು. ತುಸು ಹೊತ್ತಿನಲ್ಲೇ ಹುಡುಗ ಕಾಲು ಸೋತು ನೆಲಕ್ಕೆ ಕುಸಿದ; ನೆಲದ ಬಳಿ ಉಸಿರು ಸರಿಯಾಯಿತು. ಗಣಿಯ ಮಿಥೇನ್ ಅನಿಲ ಗಾಳಿಗಿಂತ ಹಗುರ, ಮೇಲೆಯೇ ನಿಲ್ಲುತ್ತದೆಂಬ ಪಾಠ ಅವನಿಗೆ ಎಂದೂ ಮರೆಯಲಿಲ್ಲ. ಇಂದಿನ ತಂದೆತಾಯಿಗಳು ಈ ಬೋಧನಕ್ರಮವನ್ನು ಮೆಚ್ಚಲಾರರು, ನಾನೂ ಮೆಚ್ಚಲಾರೆ.

ಕಾವಿನ ಮಾತೊಂದು ಉಳಿಯಿತು. ಬಿಸಿಗಣಿಗಳಲ್ಲಿಯೂ ಬಿಸಿಕೋಣೆಗಳಲ್ಲಿಯೂ ಬೆವರುತ್ತ ಕುಳಿತು ಅವರು ಕಂಡದ್ದೇನೆಂದರೆ, ಮೈಗೆ ಕಂಟಕವಾಗುವುದು ಬರಿಯ ಉಷ್ಣವಲ್ಲ, ತೇವದೊಡನೆ ಕೂಡಿದ ಉಷ್ಣ. ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕ ಸುಮಾರು ೩೧ ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ, ನಿಶ್ಚಲವಾದ ಗಾಳಿಯಲ್ಲಿ ಸುಮ್ಮನೆ ಕುಳಿತವನ ಮೈಕಾವೂ ಏರತೊಡಗುತ್ತದೆ. ಕುಲುಮೆಯ ಮುಂದೆ ದುಡಿದು ಕೊಡಗಟ್ಟಲೆ ನೀರು ಕುಡಿದವನಿಗೂ ಕೈಕಾಲು ಸೆಟೆದು ನೋಯುವುದೇಕೆ? ಬೆವರಿನೊಡನೆ ಉಪ್ಪು ಹೋಗಿದೆ, ನೀರೊಂದೇ ಸಾಲದು. ಕೋಲಾರದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚುವ ತನಕ, ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಬಿಸಿಬಂಡೆಗಳ ನಡುವೆ ದುಡಿದ ನಮ್ಮ ಜನ ಈ ಸತ್ಯವನ್ನು ಮೈಯಿಂದಲೇ ಬಲ್ಲವರಾಗಿದ್ದರು.

ಎಪ್ಪತ್ತೈದನೆಯ ವಯಸ್ಸಿನಲ್ಲಿ, ಪರ್ಷಿಯಾ ಮತ್ತು ಇರಾಕಿನ ಎಣ್ಣೆಯ ಕಾರ್ಖಾನೆಗಳಲ್ಲಿ ಕೆಲಸಗಾರರು ಬಿಸಿಲ ಹೊಡೆತಕ್ಕೆ ಸಿಕ್ಕುವುದೇಕೆಂದು ನೋಡಲು ಹಾಲ್ಡೇನರು ಹೊರಟರು. ಕರೆದುಕೊಂಡು ಬಂದ ರೋಗಿಯನ್ನು ಆಕ್ಸ್‌ಫರ್ಡಿನಲ್ಲಿ ಕುಳಿತು ನೋಡುವುದು ಅವರಿಗೆ ಎಂದೂ ಒಗ್ಗದ ಕೆಲಸ. ಹಿಂದಿರುಗಿದ ಮೇಲೆ ಶ್ವಾಸಕೋಶದ ಉರಿಯೂತ ಹಿಡಿಯಿತು. ೧೯೩೬ರ ಮಾರ್ಚ್ ನಡುವಿನಲ್ಲಿ, ಒಂದು ನಡುರಾತ್ರಿ, ಆಕ್ಸ್‌ಫರ್ಡಿನ ತಮ್ಮ ಮನೆಯಲ್ಲಿ ತೀರಿಕೊಂಡರು.

ಮಗ ಜೆ. ಬಿ. ಎಸ್. ೧೯೫೭ರಲ್ಲಿ ಭಾರತಕ್ಕೆ ಬಂದರು. ೧೯೬೪ರ ಡಿಸೆಂಬರ್ ೧ರಂದು ಭುವನೇಶ್ವರದಲ್ಲಿ ನಿಧನರಾದರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಕೊಡಲಾಯಿತು.