ಎಡಗೈಗೆ ಗುರಿ ಕಲಿಸಿದ ಟಕಾಚ್

ಶೂಟಿಂಗ್ ಕ್ರೀಡೆಗೆ ಹೊಸದಾಗಿ ಬರುವವರು ಮೊದಲು ವಿಚಾರಿಸುವುದು ಯಾವ ಪಿಸ್ತೂಲು ಒಳ್ಳೆಯದು ಎಂದು. ತರಬೇತುದಾರರು ಮೊದಲು ನೋಡುವುದು ಅದನ್ನು ಹಿಡಿಯುವ ಕೈಯನ್ನು. ಈ ಎರಡು ನೋಟಗಳ ನಡುವಿನ ಅಂತರವೇನೆಂದು ತಿಳಿಯಬೇಕಾದರೆ ಹಂಗರಿ ದೇಶದ ಕಾರೋಲಿ ಟಕಾಚ್ ಅವರ ಜೀವನವನ್ನು ಗಮನಿಸಬೇಕು. ಬಲಗೈಯಲ್ಲಿ ಪಳಗಿದ ವಿದ್ಯೆಯನ್ನು ಆ ಕೈಯೊಂದಿಗೇ ಕಳೆದುಕೊಂಡು, ಎಡಗೈಯಲ್ಲಿ ಅದನ್ನು ಮೊದಲಿನಿಂದ ಕಲಿತು, ಎರಡು ಒಲಿಂಪಿಕ್ ಚಿನ್ನ ಗೆದ್ದವರು ಅವರು.

ಟಕಾಚ್ ಜನಿಸಿದ್ದು 1910ರ ಜನವರಿ 21ರಂದು, ಬುಡಾಪೆಸ್ಟ್ ನಗರದಲ್ಲಿ. ಸೇನೆ ಸೇರಿ ಸಾರ್ಜೆಂಟ್ ಆದರು. ಪಿಸ್ತೂಲು ಗುರಿಯಲ್ಲಿ ದೇಶದ ಅಗ್ರಗಣ್ಯರ ಸಾಲಿಗೆ ಏರಿದರು. ಆದರೆ 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ತಂಡ ಆರಿಸುವಾಗ ಅವರ ಗುರಿಗಿಂತ ಅವರ ಹುದ್ದೆಯೇ ಮುಖ್ಯವಾಯಿತು. ಸೇನೆಯಿಂದ ಸ್ಪರ್ಧಿಸುವ ಅವಕಾಶ ಅಧಿಕಾರಿ ದರ್ಜೆಯವರಿಗೆ ಮಾತ್ರ ಎಂಬ ನಿಯಮ ಆಗ ಹಂಗರಿಯಲ್ಲಿತ್ತು. ಸಾರ್ಜೆಂಟ್ ಆದ ಕಾರಣಕ್ಕೆ ಟಕಾಚ್ ಹೊರಗುಳಿದರು. ಬರ್ಲಿನ್ ಕ್ರೀಡಾಕೂಟದ ಬಳಿಕ ಆ ನಿರ್ಬಂಧ ತೆರವಾಯಿತು. 1940ರ ಒಲಿಂಪಿಕ್ಸ್ ಅವರ ಕಣ್ಣ ಮುಂದಿತ್ತು.

ಸಿಡಿದ ಗ್ರೆನೇಡ್

1938ರಲ್ಲಿ ಸೇನಾ ತರಬೇತಿಯ ವೇಳೆ ದೋಷಪೂರಿತ ಗ್ರೆನೇಡ್ ಒಂದು ಅವರ ಬಲಗೈಯಲ್ಲೇ ಸಿಡಿಯಿತು. ವರ್ಷಗಟ್ಟಲೆ ಗುರಿ ಹಿಡಿದಿದ್ದ ಕೈ ಇನ್ನು ಪಿಸ್ತೂಲು ಹಿಡಿಯುವಂತಿರಲಿಲ್ಲ. ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿ ಕಳೆದರು. ಆಗ ಅವರಿಗೆ 28 ವರ್ಷ.

ಒಲಿಂಪಿಕ್ಸ್‌ನ ಪಿಸ್ತೂಲು ಸ್ಪರ್ಧೆಗಳಲ್ಲಿ ಆಯುಧವನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಇನ್ನೊಂದು ಕೈಯ ಆಸರೆ ಸಲ್ಲದು. ಹಾಗಾಗಿ ಒಂದು ಕೈ ಉಳಿದವರಿಗೆ ನಿಯಮದ ಬಾಗಿಲು ಮುಚ್ಚಿರಲಿಲ್ಲ. ಆದರೆ ಉಳಿದದ್ದು ಪಳಗದ ಕೈ. ಹಿಡಿತದ ಬಿಗಿ, ಟ್ರಿಗರ್ ಮೇಲೆ ಬೆರಳಿನ ಒತ್ತಡ, ನಿಲ್ಲುವ ಭಂಗಿ, ತೋಳು ಎತ್ತುವ ವೇಗ, ಕಣ್ಣಿಗೂ ಕೈಗೂ ಇರಬೇಕಾದ ಹೊಂದಾಣಿಕೆ ಎಲ್ಲವೂ ಹೊಸದಾಗಿ ಕೂಡಿಬರಬೇಕಿತ್ತು. ಬಲಗಣ್ಣಿನ ಬಲದಿಂದ ಗುರಿ ನೋಡುವವರು ಎಡಗೈಗೆ ಬದಲಾದರೆ ತಲೆಯ ಓರೆಯೂ ಬದಲಾಗುತ್ತದೆ. ಬಲಗೈಗೆಂದು ಕೆತ್ತಿದ ಹಿಡಿ ಎಡ ಅಂಗೈಗೆ ಒಗ್ಗುವುದಿಲ್ಲ.

ಟಕಾಚ್ ಯಾರಿಗೂ ತಿಳಿಯದಂತೆ ಅಭ್ಯಾಸ ಆರಂಭಿಸಿದರು. 1939ರ ವಸಂತದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುವಲ್ಲಿಗೆ ಅವರು ಬಂದಾಗ, ಹಳೆಯ ಜೊತೆಗಾರನು ಸ್ಪರ್ಧೆ ನೋಡಲು ಬಂದಿದ್ದಾನೆಂದೇ ಉಳಿದವರು ಭಾವಿಸಿದ್ದರು ಎನ್ನಲಾಗುತ್ತದೆ. ಅವರು ಬಂದದ್ದು ಸ್ಪರ್ಧಿಸಲು. ಎಡಗೈಯಲ್ಲೇ ಚಾಂಪಿಯನ್ ಆದರು. ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಿಸ್ತೂಲು ವಿಭಾಗದ ತಂಡ ಪ್ರಶಸ್ತಿ ಗೆದ್ದ ಹಂಗರಿ ತಂಡದಲ್ಲೂ ಅವರಿದ್ದರು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. 1940ರ ಒಲಿಂಪಿಕ್ಸ್ ರದ್ದಾಯಿತು, 1944ರದ್ದೂ ರದ್ದಾಯಿತು. ಕ್ರೀಡಾಪಟುವಿನ ಬಾಳಿನ ಅತ್ಯುತ್ತಮ ವರ್ಷಗಳು ಹೀಗೆ ಸರಿದುಹೋದವು.

ಸಣ್ಣ ಕ್ಯಾಲಿಬರ್ ಏಕೆ?

ಟಕಾಚ್ ಅವರ ವಿಭಾಗ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲು. 25 ಮೀಟರ್ ದೂರದಲ್ಲಿ ಐದು ಗುರಿಗಳು ಸಾಲಾಗಿ ನಿಂತಿರುತ್ತವೆ. ತಗ್ಗಿಸಿದ ತೋಳನ್ನು ಎತ್ತಿ, ಒಂದೊಂದಕ್ಕೆ ಒಂದರಂತೆ ಐದು ಗುಂಡು ಹಾರಿಸಬೇಕು. ಅದಕ್ಕೆ ಮೊದಲು ಎಂಟು ಸೆಕೆಂಡು, ಬಳಿಕ ಆರು, ಕೊನೆಗೆ ನಾಲ್ಕೇ ಸೆಕೆಂಡು. ಒಟ್ಟು 60 ಗುಂಡು, ಗರಿಷ್ಠ 600 ಅಂಕ.

ಈ ವೇಗದಲ್ಲಿ ದೊಡ್ಡ ಗುಂಡಿನ ಪಿಸ್ತೂಲು ಉಪಯೋಗಕ್ಕೆ ಬಾರದು. ಪ್ರತಿ ಗುಂಡಿಗೂ ಆಯುಧ ಹಿಂದಕ್ಕೆ ಒದೆಯುತ್ತದೆ, ನಳಿಗೆಯ ತುದಿ ಮೇಲೇಳುತ್ತದೆ. ಅದು ಮರಳಿ ಗುರಿಗೆ ಇಳಿಯುವಷ್ಟರಲ್ಲಿ ಕಾಲ ಮುಗಿಯುತ್ತದೆ. ಗುಂಡು ಹಗುರವಾದಷ್ಟೂ ಒದೆತ ಕಡಿಮೆ. ಆದ್ದರಿಂದಲೇ 0.22 ಇಂಚು, ಅಂದರೆ 5.6 ಮಿಲಿಮೀಟರ್ ಕ್ಯಾಲಿಬರ್ ಈ ಕ್ರೀಡೆಯಲ್ಲಿ ನೆಲೆ ನಿಂತಿತು. ಇಂದು ಬಳಕೆಯಲ್ಲಿರುವ ಪಾಯಿಂಟ್ ಟು ಟು ಲಾಂಗ್ ರೈಫಲ್ ಗುಂಡಿನ ಸಾಮಾನ್ಯ ತೂಕ ಸುಮಾರು 2.6 ಗ್ರಾಂ, ಸೇನೆ, ಪೊಲೀಸರು ಬಳಸುವ 9 ಮಿಲಿಮೀಟರ್ ಗುಂಡು ಅದರ ಸುಮಾರು ಮೂರು ಪಟ್ಟು. ಸಣ್ಣ ಗುಂಡಿನ ಬೆಲೆಯೂ ಕಡಿಮೆ. ದಿನವೂ ಅಭ್ಯಾಸ ಮಾಡುವವರಿಗೆ ಇದು ಸಣ್ಣ ಸಂಗತಿಯಲ್ಲ.

ಲಂಡನ್, ಹೆಲ್ಸಿಂಕಿ

1948ರ ಲಂಡನ್ ಒಲಿಂಪಿಕ್ಸ್ ವೇಳೆಗೆ ಟಕಾಚ್ ಅವರಿಗೆ 38 ವರ್ಷ. ಗೆಲ್ಲುವ ನೆಚ್ಚಿನವರೆಂದರೆ ಅರ್ಜೆಂಟೀನಾದ ಕಾರ್ಲೋಸ್ ಡಿಯಾಸ್ ಸಾಯೆನ್ಸ್ ವಲಿಯೆಂತೆ, ಆಗಿನ ವಿಶ್ವ ಚಾಂಪಿಯನ್. ಇಲ್ಲಿಗೇಕೆ ಬಂದಿರೆಂದು ಅವರು ಕೇಳಿದಾಗ ಕಲಿಯಲು ಬಂದಿರುವುದಾಗಿ ಟಕಾಚ್ ಹೇಳಿದರೆಂದೂ, ಪದಕ ಪ್ರದಾನದ ವೇಳೆ ಕಲಿತದ್ದು ಸಾಕಷ್ಟಾಯಿತೆಂದು ಅರ್ಜೆಂಟೀನಾದವರು ಮೆಚ್ಚಿ ನುಡಿದರೆಂದೂ ಕ್ರೀಡಾವಲಯದಲ್ಲಿ ಪ್ರತೀತಿ ಇದೆ. ಅಂಕಪಟ್ಟಿಯಂತೂ ಸ್ಪಷ್ಟ: ಟಕಾಚ್ 580, ಡಿಯಾಸ್ 571. ಅದು ಹೊಸ ವಿಶ್ವದಾಖಲೆ.

ನಾಲ್ಕು ವರ್ಷಗಳ ಬಳಿಕ, 1952ರಲ್ಲಿ ಹೆಲ್ಸಿಂಕಿಯಲ್ಲಿ ಅವರು ಮತ್ತೆ ಗೆದ್ದರು. ರ‍್ಯಾಪಿಡ್ ಫೈರ್ ವಿಭಾಗದಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದ ಮೊದಲಿಗರಾದರು. ಬೆಳ್ಳಿ ಪಡೆದವರು ಹಂಗರಿಯವರೇ ಆದ 17 ವರ್ಷದ ಸಿಲಾರ್ಡ್ ಕುನ್, ಟಕಾಚ್ ಅವರ ಶಿಷ್ಯ. ಗುರುವಿನ ಅಂಕ 579, ಶಿಷ್ಯನ ಅಂಕ 578. ತಾನು ಕಲಿಸಿದ ಹುಡುಗನಿಂದಲೇ ಒಂದೇ ಅಂಕದಲ್ಲಿ ಚಿನ್ನ ಉಳಿಸಿಕೊಳ್ಳುವ ಪರಿಸ್ಥಿತಿ ಒದಗಿದ್ದು ಅವರ ಕಲಿಸುವಿಕೆಯ ಗುಣಕ್ಕೂ ಸಾಕ್ಷಿ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, 46ರ ವಯಸ್ಸಿನಲ್ಲಿ, ಎಂಟನೆಯವರಾದರು. ಸಾರ್ಜೆಂಟ್ ಎಂಬ ಕಾರಣಕ್ಕೆ ಒಮ್ಮೆ ತಂಡದಿಂದ ಹೊರಗಿಡಲ್ಪಟ್ಟವರು ಲೆಫ್ಟಿನೆಂಟ್ ಕರ್ನಲ್ ಆಗಿ ಸೇನೆಯಿಂದ ನಿವೃತ್ತರಾದರು. 1976ರ ಜನವರಿ 5ರಂದು ಬುಡಾಪೆಸ್ಟ್‌ನಲ್ಲಿ ನಿಧನರಾದಾಗ 66 ತುಂಬಲು ಕೆಲವೇ ದಿನಗಳಿದ್ದವು.

ಆರಿಸುವವರಿಗೆ

ಹವ್ಯಾಸಕ್ಕಾಗಿ ಸಣ್ಣ ಕ್ಯಾಲಿಬರ್ ಪಿಸ್ತೂಲು ಆರಿಸುವವರಿಗೆ ಈ ಜೀವನದಿಂದ ಪಾಠಗಳಿವೆ. ಮೊದಲು ನೋಡಬೇಕಾದುದು ಹಿಡಿ. ಅದು ಅಂಗೈ ತುಂಬಬೇಕು. ತೋರುಬೆರಳಿನ ತುದಿಯ ಮಾಂಸಲ ಭಾಗ ಟ್ರಿಗರ್ ಮೇಲೆ ನೇರವಾಗಿ ಕೂರಬೇಕು. ಎಡಗೈಯವರು ಎಡಗೈಯ ಹಿಡಿಯನ್ನೇ ಕೇಳಿ ಪಡೆಯಬೇಕು. ಹಿಂಬದಿಯ ಗುರಿನೋಟವನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಪಡಿಸುವಂತಿರಬೇಕು. ಸ್ಪರ್ಧೆಯ ಆಸೆ ಇದ್ದರೆ ಅಂತಾರಾಷ್ಟ್ರೀಯ ನಿಯಮಗಳನ್ನೂ ಅರಿತಿರಬೇಕು: 25 ಮೀಟರ್ ವಿಭಾಗದ ಸಣ್ಣ ಕ್ಯಾಲಿಬರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 1000 ಗ್ರಾಂ ಭಾರ ತಡೆಯಬೇಕು, ಆಯುಧದ ತೂಕ 1400 ಗ್ರಾಂ ಮೀರಬಾರದು. ಗುಂಡಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ ಬಹಳ ಉಪಯುಕ್ತ; ಆದರೆ ಹಲವು ಪಾಯಿಂಟ್ ಟು ಟು ಪಿಸ್ತೂಲುಗಳಲ್ಲಿ ಇದರಿಂದ ಬಡಿಯುವ ಸೂಜಿ ಕೆಡಬಹುದು. ಆ ಸೌಲಭ್ಯವಿದೆಯೇ ಎಂದು ಮೊದಲೇ ವಿಚಾರಿಸುವುದು ಲೇಸು.

ಭಾರತದಲ್ಲಿ ಇಂಥ ಪಿಸ್ತೂಲಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಆದ್ದರಿಂದ ರೈಫಲ್ ಕ್ಲಬ್ ಸೇರಿ, 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕೈ ಪಳಗಿಸಿಕೊಂಡು, ಬಳಿಕ ಸಣ್ಣ ಕ್ಯಾಲಿಬರಿನತ್ತ ಬರುವುದು ರೂಢಿ. ಆ ದಾರಿ ನಿಧಾನವೆನಿಸಿದರೂ ಯಾವ ಹಿಡಿ ತನಗೆ ಒಪ್ಪುತ್ತದೆಂದು ತಿಳಿಯುವುದು ಅಲ್ಲಿಯೇ.

ಟಕಾಚ್ ಮೊದಲ ಚಿನ್ನ ಗೆದ್ದ 64 ವರ್ಷಗಳ ಬಳಿಕ, 2012ರಲ್ಲಿ, ಅದೇ ಲಂಡನ್ ಒಲಿಂಪಿಕ್ಸ್ ಆತಿಥ್ಯ ವಹಿಸಿತ್ತು. ಅದೇ ರ‍್ಯಾಪಿಡ್ ಫೈರ್ ವಿಭಾಗದಲ್ಲಿ ಭಾರತದ ವಿಜಯ್ ಕುಮಾರ್ ಬೆಳ್ಳಿ ಗೆದ್ದರು. ಭಾರತೀಯ ಸೇನೆಯಲ್ಲಿ ಆಗ ಅವರ ಹುದ್ದೆ ಸುಬೇದಾರ್. 1936ರ ಹಂಗರಿಯ ನಿಯಮ ಇಲ್ಲಿದ್ದಿದ್ದರೆ ಆ ಪದಕ ಭಾರತಕ್ಕೆ ಬರುತ್ತಿರಲಿಲ್ಲ.