ಪಾಲುಗಾರರನ್ನು ಬೆಳೆಸಿದ ವರ್ತಕ

ವರ್ತಕನ ಜೀವನಚರಿತ್ರೆಗೆ ಸಾಹಿತ್ಯದ ಪುಟದಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಒಬ್ಬ ಮನುಷ್ಯನಲ್ಲಿ ಹುದುಗಿರುವ ಯೋಗ್ಯತೆಯನ್ನು ಗುರುತಿಸಿ, ಅವನನ್ನು ತನ್ನ ಸಮಾನನನ್ನಾಗಿ ಬೆಳೆಸುವುದು ಗುರುವಿನ ಧರ್ಮ. ಅದೇ ಧರ್ಮವನ್ನು ಜವಳಿ ಅಂಗಡಿಯಲ್ಲಿ ಆಚರಿಸಿದವನು ಅಮೆರಿಕದ ಜೇಮ್ಸ್ ಕ್ಯಾಷ್ ಪೆನಿ.

ಪೆನಿ ಹುಟ್ಟಿದ್ದು 1875ರಲ್ಲಿ, ಮಿಸೌರಿ ಸಂಸ್ಥಾನದ ಹ್ಯಾಮಿಲ್ಟನ್ ಊರಿನ ಸಮೀಪದಲ್ಲಿ. ತಂದೆ ಬೇಸಾಯಗಾರ; ಸಂಬಳವಿಲ್ಲದೆ ಧರ್ಮಬೋಧನೆ ಮಾಡುತ್ತಿದ್ದವನು. ಮಗನಿಗೆ ಎಂಟು ವರ್ಷವಾದಾಗಲೇ, ಇನ್ನು ತನ್ನ ಉಡುಪಿನ ಹಣವನ್ನು ತಾನೇ ದುಡಿದುಕೊಳ್ಳತಕ್ಕದ್ದೆಂದು ಆತ ವಿಧಿಸಿದನು. ಮುಂದೆ ಪೆನಿ ಕೊಲರಾಡೋದ ಲಾಂಗ್‌ಮಾಂಟ್‌ನಲ್ಲಿ ಮಾಂಸದ ಅಂಗಡಿಯನ್ನು ಕೊಂಡನು. ದೊಡ್ಡ ಗಿರಾಕಿಯಾಗಿದ್ದ ಹೋಟೆಲಿನ ಅಡುಗೆಯವನಿಗೆ ಮದ್ಯದ ಬಾಟಲಿಯನ್ನು ಲಂಚವಾಗಿ ಕೊಡುತ್ತಲೇ ಇರಲು ಒಪ್ಪದ ಕಾರಣ ಆ ವ್ಯಾಪಾರ ಕೈತಪ್ಪಿ, ಅಂಗಡಿ ಮುಳುಗಿತು.

ಅನಂತರ ಆತ ಜಾನ್ಸನ್ ಮತ್ತು ಕ್ಯಾಲಹನ್ ಎಂಬ ವರ್ತಕರ ಜವಳಿ ಅಂಗಡಿಯಲ್ಲಿ ಗುಮಾಸ್ತನಾದನು. ಅವರು ಈ ಗುಮಾಸ್ತನ ಯೋಗ್ಯತೆಯನ್ನು ಕಂಡು, ಹೊಸ ಅಂಗಡಿಯೊಂದರಲ್ಲಿ ಮೂರನೆಯ ಒಂದು ಪಾಲನ್ನು ನೀಡಲು ಮುಂದಾದರು. ಉಳಿತಾಯದ 500 ಡಾಲರಿಗೆ 1500 ಡಾಲರ್ ಸಾಲ ಸೇರಿಸಿ ಪೆನಿ ಆ ಪಾಲನ್ನು ಪಡೆದನು. 1902ರ ಏಪ್ರಿಲ್ 14ರಂದು ವಯೋಮಿಂಗ್ ಸಂಸ್ಥಾನದ ಕೆಮರರ್ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ ಅಂಗಡಿಯ ಬಾಗಿಲು ತೆರೆಯಿತು. ಉದ್ರಿಯ ವ್ಯಾಪಾರಕ್ಕೆ ಒಗ್ಗಿಹೋಗಿದ್ದ ಆ ಊರಿನಲ್ಲಿ ಆತ ನಗದಿಗೆ ಮಾತ್ರ ಮಾರಿದನು. ಸಂಸಾರವೆಲ್ಲ ಅಂಗಡಿಯ ಅಟ್ಟದ ಮೇಲೆಯೇ. ಆದರೂ ಮೊದಲ ದಿನದ ವ್ಯಾಪಾರ 466 ಡಾಲರನ್ನು ದಾಟಿತು.

ತಾನು ಪಡೆದ ಉಪಕಾರವನ್ನು ಪೆನಿ ಒಂದು ನಿಯಮವನ್ನಾಗಿ ಮಾಡಿದನು. ಅಂಗಡಿಯ ವ್ಯವಸ್ಥಾಪಕನು ತನ್ನ ಸ್ಥಾನವನ್ನು ತುಂಬಬಲ್ಲ ಇನ್ನೊಬ್ಬನನ್ನು ತಯಾರು ಮಾಡಬೇಕು. ಆಗ ಲಾಭದ ಹಣದಿಂದ ಹೊಸ ಅಂಗಡಿಯಲ್ಲಿ ಮೂರನೆಯ ಒಂದು ಪಾಲು ಅವನದಾಗುವುದು. ಶಿಷ್ಯನನ್ನು ಬೆಳೆಸದವನಿಗೆ ಮೇಲಣ ಮೆಟ್ಟಿಲಿಲ್ಲ. ಕೆಳಗಿನವನ ಏಳಿಗೆಯನ್ನು ಕಂಡು ಕರುಬುವ ಮನುಷ್ಯಸ್ವಭಾವಕ್ಕೆ ಇದಕ್ಕಿಂತ ಒಳ್ಳೆಯ ಮದ್ದುಂಟೆ? 1907ರಲ್ಲಿ ಸೇರಿದ ಅರ್ಲ್ ಸ್ಯಾಮ್ಸ್ ಎಂಬಾತ ಹತ್ತೇ ವರ್ಷಗಳಲ್ಲಿ ಸಂಸ್ಥೆಯ ಅಧ್ಯಕ್ಷನಾದನು. ಪೆನಿ ತಾನೇ ಆ ಪೀಠವನ್ನು ಬಿಟ್ಟುಕೊಟ್ಟಿದ್ದನು. 1924ರಲ್ಲಿ ಐನೂರನೆಯ ಅಂಗಡಿ ಹುಟ್ಟೂರಾದ ಹ್ಯಾಮಿಲ್ಟನ್‌ನಲ್ಲಿಯೇ ತೆರೆಯಿತು. 1928ರ ವೇಳೆಗೆ ಅಂಗಡಿಗಳು ಸಾವಿರವಾದವು.

ಈ ನಿಯಮದ ನಿಜವಾದ ಬೆಲೆ ತಿಳಿದದ್ದು ಕಷ್ಟಕಾಲದಲ್ಲಿ. 1929ರ ಷೇರುಪೇಟೆಯ ಕುಸಿತದ ಬಳಿಕ ಪೆನಿಯ ಸ್ವಂತ ಐಶ್ವರ್ಯ ಕರಗಿಹೋಯಿತು. ಮೈಮನಸ್ಸುಗಳೆರಡೂ ಸೋತು, ಬ್ಯಾಟಲ್ ಕ್ರೀಕ್‌ನ ಆರೋಗ್ಯಧಾಮದಲ್ಲಿ ಸಾವನ್ನೇ ಎದುರುನೋಡುತ್ತ ಮಲಗಿದನು. ಅಲ್ಲಿನ ಪ್ರಾರ್ಥನಾಮಂದಿರದಿಂದ ಕೇಳಿಬಂದ ಗೀತೆಯೊಂದು ತನ್ನನ್ನು ಬದುಕಿಗೆ ಮರಳಿಸಿತೆಂದು ಆತ ಮುಂದೆ ನೆನೆಯುತ್ತಿದ್ದನು. ಹೊರಬಂದಾಗ ಆತನ ಸಂಪತ್ತು ಇರಲಿಲ್ಲ. ಆತ ಬೆಳೆಸಿದ ಜನರು ನಡೆಸುತ್ತಿದ್ದ ಸಂಸ್ಥೆ ಮಾತ್ರ ನಿಂತಿತ್ತು.

1940ರಲ್ಲಿ ಅಯೋವಾದ ಡೆ ಮಾಯ್ನ್ ನಗರದ ಅಂಗಡಿಯಲ್ಲಿ ತಿಂಗಳಿಗೆ 75 ಡಾಲರ್ ಸಂಬಳದ ತರುಣನೊಬ್ಬನಿದ್ದನು. ಭೇಟಿಗೆ ಬಂದ ವೃದ್ಧ ಪೆನಿ, ಕಡಮೆ ಕಾಗದ, ಕಡಮೆ ದಾರದಲ್ಲಿ ಪೊಟ್ಟಣ ಕಟ್ಟುವ ಬಗೆಯನ್ನು ಅವನಿಗೆ ತೋರಿಸಿಕೊಟ್ಟನು. ಆ ತರುಣನೇ 1962ರಲ್ಲಿ ವಾಲ್‌ಮಾರ್ಟ್ ಸ್ಥಾಪಿಸಿದ ಸ್ಯಾಮ್ ವಾಲ್ಟನ್.

ಪೆನಿ 1971ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ಕಾಲಾನುಕ್ರಮದಲ್ಲಿ ಸಂಸ್ಥೆ ನಾಯಕರನ್ನು ಹೊರಗಿನಿಂದ ಅರಸತೊಡಗಿತು. 2011ರಲ್ಲಿ ಆಪಲ್ ಸಂಸ್ಥೆಯ ಮಳಿಗೆಗಳನ್ನು ಕಟ್ಟಿ ಹೆಸರಾಗಿದ್ದ ರಾನ್ ಜಾನ್ಸನ್‌ರನ್ನು ಕರೆತಂದಿತು. 2012ರಲ್ಲಿ ಮಾರಾಟ ಕಾಲುಭಾಗದಷ್ಟು ಕುಸಿದು, 2013ರಲ್ಲಿ ಅವರು ನಿರ್ಗಮಿಸಿದರು. 2020ರಲ್ಲಿ ಸಂಸ್ಥೆ ದಿವಾಳಿ ರಕ್ಷಣೆ ಕೋರಿ, ಹೊಸ ಒಡೆಯರ ಕೈಸೇರಿತು. ಇದಕ್ಕೆ ಕಾಲದ ಬದಲಾವಣೆ, ಹೊಸ ಪೈಪೋಟಿಗಳೂ ಕಾರಣವೆಂಬುದು ನಿಜ. ಆದರೆ ಪೆನಿ ತನ್ನ ಅಂಗಡಿಗೆ ನಾಯಕರನ್ನು ಕೊಂಡು ತಂದವನಲ್ಲ, ಅಲ್ಲಿಯೇ ನೆಟ್ಟು ಬೆಳೆಸಿದವನು. ಕೊಂಡುತಂದ ಹಣ್ಣು ಒಂದು ಹೊತ್ತಿಗಾದೀತು. ನೆಟ್ಟ ಗಿಡದ ಫಲ ನೆಟ್ಟವನು ಬಡವನಾದ ದಿನವೂ ಕೈಬಿಡದು.