ನಾಮಕ್ಕೊಂದು ಕೃತಿ ಕಟ್ಟಿದ ಮುತ್ತಯ್ಯ ಭಾಗವತರು

ತಾಯಿ ಚಾಮುಂಡೇಶ್ವರಿಯ ಸನ್ನಿಧಿಗೆ ಬಂದ ಭಕ್ತಾದಿಗಳು ಅರ್ಚಕರು ಅಷ್ಟೋತ್ತರ ಹೇಳುವುದನ್ನು ಕೇಳಿಯೇ ಇರುತ್ತೀರಿ. ಪ್ರತಿ ನಾಮದ ಮೊದಲಿಗೆ ಓಂಕಾರ, ಕೊನೆಗೆ ನಮಃ, ಜೊತೆಗೊಂದು ಚಿಟಿಕೆ ಕುಂಕುಮ. ಹೀಗೆ 108. ಈ ನಾಮಗಳನ್ನೇ ಹಾಡಾಗಿಸಿದ ಪುಣ್ಯಾತ್ಮರು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು.

ಅವರು ನಮ್ಮ ಸೀಮೆಯವರಲ್ಲ. 1877ರಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಕಡೆ ಹುಟ್ಟಿದವರು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಸೋದರಮಾವನ ಆಶ್ರಯದಲ್ಲಿ ಸಂಸ್ಕೃತ, ವೇದ ಕಲಿತರು. ಸಂಗೀತದ ಹುಚ್ಚು ಬಿಡಲಿಲ್ಲ. ತಿರುವಾರೂರಿನಲ್ಲಿ ಸಾಂಬಶಿವ ಅಯ್ಯರ್ ಅವರ ಬಳಿ ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿದರು. ಹರಿಕಥೆಯಲ್ಲಿ ದೊಡ್ಡ ಹೆಸರು ಬಂತು.

ಮೈಸೂರಿಗೆ ಬಂದಾಗಿನ ಕಥೆಯನ್ನು ಹಿರಿಯರು ಹೀಗೆ ಹೇಳುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಹಾಡಲು ಕೂತ ದಿನವೇ ಗಂಟಲು ಕೈಕೊಟ್ಟಿತಂತೆ. ಕಛೇರಿ ಕಳೆಗಟ್ಟಲಿಲ್ಲ. ನೊಂದ ಭಾಗವತರು ಊರಿಗೆ ಹೊರಡುವ ಮೊದಲು ಈ ಬೆಟ್ಟ ಹತ್ತಿ, ಅಮ್ಮನವರ ಮುಂದೆ ಮೈಮರೆತು ಹಾಡಿದರಂತೆ. ಸುದ್ದಿ ಅರಮನೆ ಮುಟ್ಟಿ ಮಹಾರಾಜರು ಮತ್ತೆ ಕರೆಸಿದರಂತೆ. ವಿವರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ; 1927ರಲ್ಲಿ ಆಸ್ಥಾನ ವಿದ್ವಾಂಸರಾದದ್ದು, ಗಾಯಕಶಿಖಾಮಣಿ ಎಂಬ ಬಿರುದು ಪಡೆದದ್ದು ಮಾತ್ರ ನಿಜ.

ಒಡೆಯರ ಅಪೇಕ್ಷೆಯಂತೆ ಚಾಮುಂಡಾಂಬ ಅಷ್ಟೋತ್ತರದ ನಾಮಕ್ಕೊಂದರಂತೆ 108 ಕೃತಿ ರಚಿಸಿದರು. ಅದೂ ಕನ್ನಡದಲ್ಲಿ! ಮನೆಮಾತು ತಮಿಳು, ಹೊಟ್ಟೆಪಾಡಿಗೆ ಬಂದ ಊರು ಮೈಸೂರು. ಅಮ್ಮನನ್ನು ಅವಳ ಊರಿನ ಮಾತಲ್ಲೇ ಕರೆದರು. ಸಾಹಿತ್ಯಕ್ಕೆ ಪಂಡಿತ ದೇವೋತ್ತಮ ಜೋಯಿಸರು ನೆರವಾದರೆಂದು ಹೇಳುವುದುಂಟು. ನೋಡಿ, ಅರ್ಚನೆಯಲ್ಲಿ ಒಂದು ನಾಮ ಒಂದು ಉಸಿರಿಗೆ ಮುಗಿಯುತ್ತೆ, ಎಷ್ಟೋ ಸಲ ನಮಗೆ ಎಣಿಕೆ ಮಾತ್ರ ಉಳಿಯುತ್ತೆ. ಕೃತಿಯಲ್ಲಿ ಹಾಗಾಗೋದಿಲ್ಲ. ಪಲ್ಲವಿಗೆ ಮರಳಿ ಬಂದಷ್ಟು ಸಲವೂ ತಾಯಿಯ ಸ್ಮರಣೆ ನಾಲಿಗೆಯ ಮೇಲೆ ನಿಲ್ಲುತ್ತದೆ. ಹಾಡು ಬಲ್ಲವರಿಗೆ ಅದೂ ಜಪವೇ.

ಹೊಸ ರಾಗಗಳನ್ನೂ ಅವರು ಕೊಟ್ಟರು. ನಿರೋಷ್ಠ ರಾಗದಲ್ಲಿ ಮ, ಪ ಸ್ವರಗಳೇ ಇಲ್ಲ. ಸ್ವರ ಹಾಡುವಾಗ ತುಟಿಗೆ ತುಟಿ ತಾಗದು. ಅಕ್ಷರ ಬಾಯಲ್ಲಿ ಎಲ್ಲಿ ಹುಟ್ಟುತ್ತದೆಂದು ವೇದಪಾಠದಲ್ಲಿ ಕಲಿತವರಿಗೇ ಇಂಥದ್ದು ಹೊಳೆಯೋದು.

ಮುಂದೆ ತಿರುವಾಂಕೂರಿಗೆ ಹೋಗಿ ಸ್ವಾತಿ ತಿರುನಾಳರ ಕೃತಿಗಳನ್ನು ಹುಡುಕಿ ಬೆಳಕಿಗೆ ತಂದರು. ಸಂಗೀತ ಕಲ್ಪದ್ರುಮ ಗ್ರಂಥಕ್ಕೆ 1943ರಲ್ಲಿ ಡಾಕ್ಟರೇಟ್ ಬಂತು. 1945ರಲ್ಲಿ ತೀರಿಕೊಂಡರು.

ಬೋಗಾದಿಯ ನಮ್ಮ ಬೀದಿಯಲ್ಲಿ ಶುಕ್ರವಾರ ಸಂಜೆ ಅಷ್ಟೋತ್ತರ ಹೇಳುವ ಹೆಂಗಸರು, ಕೊನೆಗೆ ಅವರ ಮೋಹನಕಲ್ಯಾಣಿಯ ಭುವನೇಶ್ವರಿ ಕೃತಿಯನ್ನೂ ಹಾಡುತ್ತಾರೆ. ಭಾಗವತರ ಅಂಕಿತ ಹರಿಕೇಶ. ಆ ಹೆಸರು ಯಾರದು ಅಂತ ಮಕ್ಕಳು ಕೇಳುವುದುಂಟು.